ಸೊರಬಕ್ಕೆ ಸಲ್ಲಬೇಕಾದ ಕಣ್ಣು

ಗುರುಮಲ್ಲಪ್ಪನವರು ಚೀಟಿಯನ್ನು ಮೂರನೆಯ ಸಲ ಓದಲು ಬಾಯಿ ತೆರೆಯುವಷ್ಟರಲ್ಲಿ ವೀರಮ್ಮ ಅದನ್ನು ಅವರ ಕೈಯಿಂದ ಕಿತ್ತುಕೊಂಡರು. ಎರಡು ಸಲ ಓದಿದ್ದೇ ಹೆಚ್ಚಾಗಿತ್ತು. ಶಿಕಾರಿಪುರದ ಆ ಓಣಿಯ ಅರ್ಧದಷ್ಟು ಜನ ಅಷ್ಟರಲ್ಲಿ ಪಡಸಾಲೆ ಸೇರಿದ್ದರು. ಅಳುತ್ತಿದ್ದವರೂ ಅಳು ನಿಲ್ಲಿಸಿ ಕಿವಿಗೊಟ್ಟಿದ್ದರು.

ಅಂದು ಬೆಳಿಗ್ಗೆ ಆರು ಗಂಟೆಗೆ, ಕಾಫಿ ಲೋಟ ಕೈಯಲ್ಲಿರುವಾಗಲೇ, ವೀರಮ್ಮನವರ ಯಜಮಾನರಾದ ಬೆನಕಪ್ಪನವರ ಉಸಿರು ನಿಂತಿತ್ತು. ಎಪ್ಪತ್ತೆರಡು ವರ್ಷ ವಯಸ್ಸು. ಅದರಲ್ಲಿ ಮೂವತ್ತನಾಲ್ಕು ವರ್ಷ ಸರ್ವೆಯರ್ ಆಗಿ ಊರವರ ಹೊಲ ಅಳೆದಿದ್ದರು. ಕನ್ನಡಕದ ಡಬ್ಬಿಯಲ್ಲಿ ಸಿಕ್ಕ ಚೀಟಿಯಲ್ಲಿದ್ದದ್ದು ಅವರದೇ ಅಕ್ಷರ, ಅವರದೇ ಕಚೇರಿಯ ಭಾಷೆ:

‘ನಾನು ತೀರಿಕೊಂಡ ದಿನವೇ ಕಣ್ಣುಗಳನ್ನು ತೆಗೆಸಿ ಸೊರಬದ ಹಾಲಮ್ಮನವರಿಗೆ ತಲುಪಿಸತಕ್ಕದ್ದು. ವಿಳಂಬವಾದಲ್ಲಿ ಕೆಡುತ್ತವೆ. ಇದು ನನ್ನ ಮೇಲಿನ ಋಣವಾಗಿರುತ್ತದೆ.’

ಕೆಳಗೆ ಸಹಿ, ತಾರೀಖು, ಒಂದು ಫೋನ್ ನಂಬರು.

ನೇತ್ರದಾನ ದೊಡ್ಡ ಕೆಲಸವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅನುಮಾನ ಹುಟ್ಟಿದ್ದು ಹಾಲಮ್ಮನ ಬಗ್ಗೆ. ನಲವತ್ತಮೂರು ವರ್ಷಗಳ ಸಂಸಾರದಲ್ಲಿ ಆ ಹೆಸರು ಆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ.

“ಬಳಗದಾಗ ಯಾರರ ಇರಬೇಕು ಬಿಡ್ರಿ,” ಎಂದರು ಪಕ್ಕದ ಮನೆಯ ಗುರುಮಲ್ಲಪ್ಪ, ಸಮಾಧಾನದ ಧ್ವನಿಯಲ್ಲಿ.

“ನಮ್ಮ ಬಳಗ ನನಗೆ ಗೊತ್ತಿಲ್ಲೇನ್ರಿ?” ವೀರಮ್ಮನವರ ಧ್ವನಿ ತಣ್ಣಗಿತ್ತು. “ಕೈ ಹಿಡಿದಾಕಿಗೆ ಒಂದು ಹೂವು ಕೊಡಲಿಲ್ಲ ಮನುಷ್ಯ. ಸೊರಬದಾಕಿಗೆ ಕಣ್ಣೇ ಕೊಡ್ತಾರಂತ.”

ಮಗ ಮಹಾಂತೇಶ್ ಶಿವಮೊಗ್ಗದ ನೇತ್ರ ಬ್ಯಾಂಕಿಗೆ ಫೋನು ಮಾಡಿದ. ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹೆಂಡತಿಯ ಸಹಿ ಕಡ್ಡಾಯ ಎಂದು ಅತ್ತಲಿಂದ ಹೇಳಿದರು. ಎಂದರೆ ಮಧ್ಯಾಹ್ನ ಹನ್ನೆರಡರ ಗಡುವು. ಅಷ್ಟರೊಳಗೆ ವೀರಮ್ಮ ಸಹಿ ಹಾಕಿದರೆ ಗಂಡನ ಕೊನೆಯ ಮಾತು ಉಳಿಯುತ್ತದೆ. ಆದರೆ ಹಾಕಬೇಕಾದದ್ದು ಯಾರೋ ಒಬ್ಬ ಹೆಂಗಸಿನ ಹೆಸರಿಗೆ.

* * *

ಹೂವಿನ ಮಾತಿಗೆ ಆಧಾರವಿತ್ತು. ಜೀವಮಾನವಿಡೀ ಎಕರೆ ಗುಂಟೆಗಳಲ್ಲಿ ಓಡಾಡಿದ ಬೆನಕಪ್ಪನವರ ಸ್ವಂತ ಭೂಮಿಯೆಂದರೆ ಮನೆಯ ಗೇಟಿಗೂ ಜಗುಲಿಗೂ ನಡುವಿನ ಒಂಬತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗ. ಅಲ್ಲಿ ಸಿಮೆಂಟಿನ ಕುಂಡಗಳಲ್ಲಿ ಮೊಣಕಾಲೆತ್ತರ ಮೀರದ, ಒತ್ತಾಗಿ ಬೆಳೆಯುವ ಬಿಳಿ ಗುಲಾಬಿ. ಒಂದೊಂದು ಗೊಂಚಲಿನಲ್ಲಿ ಏಳೆಂಟು ಪುಟ್ಟ ಹೂಗಳು. ಸೋಮವಾರದ ಲಿಂಗಪೂಜೆಗೂ ಅವರು ಅದನ್ನು ಕೀಳದೆ ಸಂತೆಯಿಂದ ಸೇವಂತಿಗೆ ತರುತ್ತಿದ್ದರು. ದೇವರಿಗೆ ಗಿಡದ ಮೇಲಿದ್ದರೂ ಕಾಣುತ್ತದೆ ಎಂಬುದು ಅವರ ವಾದ.

ಸೊಸೆ ವಾಣಿಶ್ರೀ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಹೂವು ಕಿತ್ತು ಮುಡಿದಳು. ಬೆನಕಪ್ಪನವರು ಬೈಯಲಿಲ್ಲ. ಕಾಗದ ತೆಗೆದು ಮಹಜರು ಬರೆದರು: ಪೂರ್ವಕ್ಕೆ ಜಗುಲಿ, ಪಶ್ಚಿಮಕ್ಕೆ ರಸ್ತೆ, ಮಧ್ಯೆ ಇರುವ ಮೂರನೇ ಕುಂಡದಲ್ಲಿ ಹೂವು ಒಂದು ಕಡಿಮೆ ಇರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿರುತ್ತದೆ. ಸಾಕ್ಷಿಯ ಸಹಿ ಹಾಕಿದವರು ಗುರುಮಲ್ಲಪ್ಪ. ಆರೋಪಿ ಸಹಿ ಹಾಕಲು ಒಪ್ಪದೆ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

* * *

ಒಂಬತ್ತೂವರೆಗೆ ಮಹಾಂತೇಶ್ ಚೀಟಿಯಲ್ಲಿದ್ದ ನಂಬರನ್ನು ಅಪ್ಪನ ಫೋನಿನಲ್ಲೇ ಒತ್ತಿದ. ಪರದೆಯ ಮೇಲೆ ‘ಹದ್ದುಬಸ್ತು, ಸೊರಬ’ ಎಂಬ ಹೆಸರು ಮೂಡಿತು. ಅದನ್ನು ಕಂಡ ವೀರಮ್ಮನವರ ಮುಖ ಇನ್ನಷ್ಟು ಬಿಗಿಯಿತು. ವರ್ಷಕ್ಕೊಮ್ಮೆ ಆ ಕರೆ ಬಂದಾಗಲೆಲ್ಲ ಗಂಡ ಗೇಟಿನ ಹತ್ತಿರ ಹೋಗಿ ಪಿಸುಗುಡುತ್ತಿದ್ದುದು, ಕೇಳಿದರೆ ಕಚೇರಿ ವಿಷಯ ಎನ್ನುತ್ತಿದ್ದುದು ಅವರಿಗೆ ನೆನಪಿತ್ತು.

ಸಾವಿನ ಸುದ್ದಿ ಕೇಳಿ ಹಾಲಮ್ಮ ‘ಶಿವನೇ’ ಎಂದಳು. ಕಣ್ಣು ನಿಮಗೇ ಕೊಡಬೇಕೆಂದು ಬರೆದಿಟ್ಟಿದ್ದಾರೆ ಎಂದು ಮಹಾಂತೇಶ್ ತಡವರಿಸುತ್ತ ತಿಳಿಸಿದ.

“ಅಂತೂ ಬರೆದ್ರಲ್ಲ ಪುಣ್ಯಾತ್ಮರು,” ಎಂದಿತು ಫೋನು, ಇಡೀ ಪಡಸಾಲೆಗೆ ಕೇಳುವಂತೆ. “ಯಾರೂ ಕೈ ಹಾಕಬೇಡಿ ಮತ್ತೆ. ಗೊತ್ತಿಲ್ಲದೋರು ತೆಗೆದ್ರೆ ಹಾಳಾಗ್ತವೆ. ನಾನೇ ಬತ್ತೀನಿ. ಚಾಕು ನನ್ನ ಹತ್ರನೇ ಐತೆ.”

ಫೋನು ಇಟ್ಟ ಮೇಲೆ ಗುರುಮಲ್ಲಪ್ಪನವರು ಎದ್ದು, ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದ ಬೆನಕಪ್ಪನವರ ಪಕ್ಕಕ್ಕೆ ಹೋಗಿ ಕಾವಲಿನವರಂತೆ ಕುಳಿತರು.

ಶಿವಮೊಗ್ಗದಿಂದ ಪೆಟ್ಟಿಗೆ ಹಿಡಿದು ಬಂದ ತಂತ್ರಜ್ಞ ಯತೀಶ ಹತ್ತೂವರೆಗೆ ಬಾಗಿಲಲ್ಲಿದ್ದ. ಕಣ್ಣು ಇಂಥವರಿಗೇ ಎಂದು ಕೊಡಲು ನಿಯಮವಿಲ್ಲ, ಸರದಿಯಲ್ಲಿರುವ ಯಾರಿಗೋ ಹೋಗುತ್ತದೆ ಎಂದು ಆತ ವಿನಯದಿಂದ ವಿವರಿಸಿದ. ಹಾಗಾದರೆ ಕೊಟ್ಟರೂ ಚೀಟಿಯ ಮಾತು ನಡೆದಂತಾಗುವುದಿಲ್ಲ. ವೀರಮ್ಮ ಸಹಿಯ ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಹಾಲಮ್ಮ ಚಾಕು ಹಿಡಿದು ಹೊರಟಿರುವ ವಿಷಯವನ್ನು ಗುರುಮಲ್ಲಪ್ಪ ಆತನ ಕಿವಿಯಲ್ಲಿ ಹೇಳಿದರು. ಏಳು ವರ್ಷದ ಸೇವೆಯಲ್ಲಿ ಇಂಥದ್ದನ್ನು ಕೇಳಿರದ ಯತೀಶ ತನ್ನ ಪೆಟ್ಟಿಗೆಯನ್ನು ಕಾಲ ಸಂದಿಗೆ ಸರಿಸಿಕೊಂಡ.

ಹನ್ನೊಂದಕ್ಕೆ ಶಿರಾಳಕೊಪ್ಪದ ಕಡೆಯಿಂದ ಬಸ್ಸು ಬಂತು. ಸ್ವಲ್ಪ ಹೊತ್ತಿನಲ್ಲೇ ಗೇಟು ಕಿರುಗುಟ್ಟಿತು. ಒಳಗೆ ಬಂದವಳು ಅರವತ್ತು ದಾಟಿದ, ಗಿಡ್ಡನೆಯ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದ ಹೆಂಗಸು. ಅವಳು ನೇರವಾಗಿ ಬೆನಕಪ್ಪನವರ ಮುಂದೆ ಕುಳಿತು, ಕೈಮುಗಿದು, ಅವರ ಮುಖವನ್ನೇ ನೋಡಿದಳು.

“ಕೊಡ್ತೀನಿ ಕೊಡ್ತೀನಿ ಅಂತ ಮೂರು ವರ್ಷ ಆಡಿಸಿದ್ರಿ ಸಾಹೇಬ್ರೆ,” ಎಂದಳು.

ಹೆಂಗಸರೆಲ್ಲ ವೀರಮ್ಮನವರತ್ತ ತಿರುಗಿದರು. ಹಾಲಮ್ಮ ಮೂಗೊರೆಸಿಕೊಂಡು ಎದ್ದು, ಚೀಲದಿಂದ ಒದ್ದೆ ಬಟ್ಟೆಯೊಂದನ್ನೂ ಹೆಬ್ಬೆರಳುದ್ದದ ಚಾಕುವನ್ನೂ ಹೊರತೆಗೆದಳು. ಗುರುಮಲ್ಲಪ್ಪ ಎರಡೂ ಕೈ ಚಾಚಿ ಹೆಣಕ್ಕೆ ಅಡ್ಡ ನಿಂತರು.

“ಚಾಕು ಒಳಗಿಡ್ರಿ ಅಮ್ಮ. ಕಣ್ಣು ತೆಗಿಯಾಕ ಡಾಕ್ಟ್ರು ಬಂದಾರ.”

“ಗುಲಾಬಿಗೆ ಡಾಕ್ಟ್ರು ಯಾಕ್ರಿ?” ಎಂದಳು ಹಾಲಮ್ಮ. “ಕಸಿ ಕಟ್ಟೋ ಕಣ್ಣು ನಾನೇ ತೆಗೀತೀನಿ. ಗಿಡ ಎಲ್ಲೈತೆ?”

* * *

ಹದಿನೈದು ವರ್ಷದ ಹಿಂದೆ ಸೊರಬದಲ್ಲಿ ಒಂದು ಹದ್ದುಬಸ್ತು, ಎಂದರೆ ಗಡಿ ಅಳತೆ, ನಡೆದಿತ್ತು. ಹಾಲಮ್ಮನ ಹಿತ್ತಿಲಿಗೂ ಪಕ್ಕದವರ ಜಾಗಕ್ಕೂ ನಡುವಿನ ಒಂದು ಮೊಳ ನೆಲ ಯಾರದೆಂಬುದು ವ್ಯಾಜ್ಯ. ಬೆನಕಪ್ಪನವರು ಸರಪಳಿ ಎಳೆಸಿ ನೋಡಿದರೆ ಗಡಿಯ ಗೆರೆ ಒಂದು ಬಿಳಿ ಗುಲಾಬಿಯ ಬುಡದ ನಟ್ಟನಡುವೆ ಹಾದುಹೋಗಿತ್ತು. ದೇವಸ್ಥಾನ ಅಡ್ಡ ಬಂದರೂ ಗೆರೆ ಸರಿಸದವರು ಅಂದು ಆ ಗಿಡದ ಮುಂದೆ ಅರ್ಧ ಗಂಟೆ ನಿಂತರು. ಆಮೇಲೆ ನಕ್ಷೆಯಲ್ಲಿ ‘ಗಡಿ ಗುರುತು: ಗುಲಾಬಿ ಗಿಡ’ ಎಂದು ಬರೆದು, ಅದನ್ನು ಯಾರೂ ಕೀಳಕೂಡದು ಎಂದು ಇಬ್ಬರಿಂದಲೂ ಸಹಿ ಮಾಡಿಸಿದರು.

ಹೊರಡುವಾಗ ಹಾಲಮ್ಮ ಆರು ಮೊಗ್ಗುಗಣ್ಣುಗಳನ್ನು ತೊಗಟೆಸಮೇತ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟಳು. ತನ್ನ ಗಿಡ ಸತ್ತರೆ ಅಷ್ಟೇ ಕಣ್ಣು ತಿರುಗಿ ಕೊಡಬೇಕೆಂಬುದು ಅವಳ ಕರಾರು. ಮೂರು ವರ್ಷದ ಹಿಂದೆ ಪಕ್ಕದವರು ಸುರಿದ ಜಲ್ಲಿಯ ಕೆಳಗೆ ಗಿಡ ಸತ್ತಿತು. ಹಾಲಮ್ಮ ಕೇಳಿದಾಗಲೆಲ್ಲ ಬೆನಕಪ್ಪನವರು ಮಳೆ ಬರಲಿ ಎಂದರು, ಮಳೆ ನಿಲ್ಲಲಿ ಎಂದರು, ಗಿಡಕ್ಕೆ ಮೈ ಸರಿಯಿಲ್ಲ ಎಂದರು. ಕಣ್ಣು ತೆಗೆಯಲು ರೆಂಬೆ ಕತ್ತರಿಸಬೇಕು. ಬದುಕಿರುವಾಗ ಅದನ್ನು ನೋಡುವುದು ಅವರಿಂದಾಗದ ಕೆಲಸವಾಗಿತ್ತು.

* * *

ಹಾಲಮ್ಮ ಇದಿಷ್ಟನ್ನೂ ಹೇಳಿ ಮುಗಿಸಿದಾಗ ಗಡಿಯಾರ ಹನ್ನೆರಡಕ್ಕೆ ಇಪ್ಪತ್ತೈದು ನಿಮಿಷ ಕಡಿಮೆ ತೋರಿಸುತ್ತಿತ್ತು. ವಾಣಿಶ್ರೀಯ ಭುಜ ಕುಲುಕುತ್ತಿತ್ತು, ಅಳುವೆಂದು ಯಾರೂ ನಂಬಲಿಲ್ಲ. ವೀರಮ್ಮ ಸೊರಬದವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡಿದರು.

“ನನಗರ ಹೇಳಬೇಕಿತ್ತಲ್ಲ ಈ ಮನುಷ್ಯ.”

“ನಿಮಗೆ ಹೇಳಿದ್ರೆ ನೀವು ಅವತ್ತೇ ಕೊಟ್ಟು ಕಳಸ್ತಿದ್ರಿ. ಅದಕ್ಕೇ ಹೇಳಿಲ್ಲ,” ಎಂದಳು ಹಾಲಮ್ಮ.

ಅದು ನಿಜವೆಂದು ವೀರಮ್ಮನವರಿಗೆ ಒಪ್ಪಬೇಕಾಯಿತು. ಯತೀಶ ಪೆಟ್ಟಿಗೆ ಎತ್ತಿಕೊಂಡು, ಹಾಗಾದರೆ ತಾನು ಹೊರಡುವುದಾಗಿ ತಿಳಿಸಿದ. ಮಹಾಂತೇಶ್ ಬಸ್ ಚಾರ್ಜು ಕೊಡಲು ಜೇಬು ತಡವಿದ.

“ನಿಲ್ರಿ,” ಎಂದರು ವೀರಮ್ಮ. ಚೀಟಿಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ನೋಡಿದರು. “ಕಣ್ಣು ತೆಗೆಸತಕ್ಕದ್ದು ಅಂತ ಐತಿ. ಯಾವ ಕಣ್ಣು ಅಂತ ಬರದಿಲ್ಲ. ಸರ್ಕಾರಿ ಮನುಷ್ಯ, ಬರದಿದ್ದಕ್ಕ ತಾನೇ ಜವಾಬ್ದಾರ. ಅವನ್ನೂ ತಗೊಳ್ರಿ.”

ಮಡಿಲಲ್ಲಿದ್ದ ಕಾಗದ ತೆಗೆದು ಸಹಿ ಹಾಕಿದರು. ಇಪ್ಪತ್ತು ನಿಮಿಷ ಹಾಸಿಗೆಯ ಹೊದಿಕೆಯೊಂದು ಪರದೆಯಾಯಿತು. ಯತೀಶ ಕೈಮುಗಿದು ಹೊರಟುಹೋದ. ಬೆನಕಪ್ಪನವರ ರೆಪ್ಪೆಗಳು ಮೊದಲಿನಂತೆಯೇ ಮುಚ್ಚಿದ್ದವು.

ಗುಲಾಬಿಯ ಕಣ್ಣಿಗೆ ನೆತ್ತಿಯ ಬಿಸಿಲು ಆಗದು, ಇಳಿಹೊತ್ತು ಬೇಕು ಎಂದಳು ಹಾಲಮ್ಮ. ನಾಲ್ಕು ಗಂಟೆಗೆ ರಸ್ತೆಯಲ್ಲಿ ಹೆಣ ಕೂರಿಸಿ ಒಯ್ಯುವ ಹೂವಿನ ವಿಮಾನ ಸಿದ್ಧವಾದಾಗ, ಗೇಟಿನೊಳಗೆ ಕುಂಡಗಳ ನಡುವೆ ಇಬ್ಬರೂ ಹೆಂಗಸರು ಕುಕ್ಕರಗಾಲಲ್ಲಿ ಕುಳಿತಿದ್ದರು. ಆರರಲ್ಲಿ ಐದು ಕಣ್ಣು ಒದ್ದೆ ಬಟ್ಟೆ ಸೇರಿದವು. ಆರನೆಯದನ್ನು ಇಲ್ಲಿಯೇ ತಮ್ಮ ಕೈಯಿಂದ ಹಾಕಬೇಕೆಂದು ವೀರಮ್ಮ ಹಟ ಹಿಡಿದಿದ್ದರು. ಮೂಲೆಯಲ್ಲಿದ್ದ ಕಾಡುಗುಲಾಬಿಯ ಕಾಂಡವನ್ನು ಹಾಲಮ್ಮ ಸೀಳಿಕೊಟ್ಟಳು. ವೀರಮ್ಮ ಆ ಸೀಳಿನೊಳಗೆ ಕಣ್ಣನ್ನು ಕೂರಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಕಟ್ಟಲು ಪಟ್ಟಿಯೇ ಇರಲಿಲ್ಲ. ಯಾರೋ ಹಾರ ಸುತ್ತಿ ತಂದಿದ್ದ ಪ್ಲಾಸ್ಟಿಕ್ಕನ್ನು ಹುಡುಕಿಕೊಂಡು ಹಾಲಮ್ಮ ಮನೆಯೊಳಗೆ ಓಡಿದಳು.

ಹೊತ್ತು ಮೀರುತ್ತಿದೆಯೆಂದು ಸಂಸ್ಕಾರ ನಡೆಸಲು ಬಂದಿದ್ದ ಅಯ್ಯನವರು ಗುರುಮಲ್ಲಪ್ಪನವರಿಗೆ ಹೇಳಿದರು, ಗುರುಮಲ್ಲಪ್ಪ ವೀರಮ್ಮನವರಿಗೆ ಹೇಳಿದರು.

“ಈಗ ಬಿಟ್ರ ಕಣ್ಣು ಕೆಡತೈತಿ. ತಡೀರಿ,” ಎಂದರು ವೀರಮ್ಮ, ತಲೆಯೆತ್ತದೆ.

ಭಜನೆ ನಿಂತಿತು. ಹೊತ್ತವರು ಗೇಟಿನ ಬಳಿಯೇ ಕಾದರು. ಅವರಲ್ಲೊಬ್ಬನ ಹೆಗಲು ಗಿಡ್ಡವಾದ್ದರಿಂದ ವಿಮಾನ ಅಂಗಳದ ಕಡೆಗೆ ಸ್ವಲ್ಪ ವಾಲಿತ್ತು. ಅದರೊಳಗೆ ಪೇಟ ಸುತ್ತಿಸಿಕೊಂಡು ಕುಳಿತ ಬೆನಕಪ್ಪನವರೂ, ಕೆಲಸ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ಪರಿಶೀಲಿಸುವವರಂತೆ, ರಕ್ತ ಸರಿದು ಬಿಳುಪೇರುತ್ತಿದ್ದ ಆ ಹೆಬ್ಬೆರಳಿನ ಉಗುರಿನತ್ತ ಬಾಗಿದ್ದರು.