ರಾಯಭಾರಿಯ ಒಪ್ಪಿಗೆ

ನನ್ನ ತಮ್ಮ ಬಸ್ಸು ಓಡಿಸುವವನು. ಇಷ್ಟು ವರ್ಷದಲ್ಲಿ ಒಂದು ಬೆಕ್ಕಿಗೂ ತಾಗಿಸಿದವನಲ್ಲ. ಅಂಥವನ ಬಸ್ಸಿಗೆ ವಿದೇಶಿ ರಾಯಭಾರ ಕಚೇರಿಯ ಕಾರು ಬಂದು ಗುದ್ದಿತು, ಪೊಲೀಸರು ತಪ್ಪು ಇವನದೇ ಎಂದು ಬರೆದುಕೊಂಡರು. ಅಪ್ಪನೂ ಬಸ್ಸು ಓಡಿಸಿ ನಿವೃತ್ತರಾದವರು. "ಪೊಲೀಸರು ಸುಮ್ಮಸುಮ್ಮನೆ ಬರೀತಾರಾ?" ಎಂದು ಮಗನ ಜೊತೆ ಮಾತು ಬಿಟ್ಟರು. ಲೈಸೆನ್ಸು ಹೋಗುವ ಭಯಕ್ಕಿಂತ ತಮ್ಮನನ್ನು ಅದೇ ತಿಂದುಹಾಕುತ್ತಿತ್ತು.

ಕಾರು ಓಡಿಸಿದ ಕಿರಿಯ ಅಧಿಕಾರಿ ಒಳ್ಳೆಯ ಹುಡುಗ. ಮನೆಗೇ ಬಂದು, "ತಪ್ಪು ನಂದು, ಕೋರ್ಟಲ್ಲೇ ಹೇಳ್ತೀನಿ" ಎಂದ. "ಹೇಳಲಿ, ಆಮೇಲೆ ನೋಡೋಣ" ಎಂದು ಅಪ್ಪ ಒಳಗೆ ಹೋದರು.

"ಅವನು ಬಂದ್ರೆ ಸಾಲದು ಕಣೋ," ಎಂದೆ ತಮ್ಮನಿಗೆ. ನಾನು ವಕೀಲೆ. "ರಾಯಭಾರ ಕಚೇರಿಯವರನ್ನ ನಮ್ಮ ಕೋರ್ಟು ಕಟಕಟೆಗೆ ಕರೆಯೋ ಹಾಗಿಲ್ಲ. ಆ ರಕ್ಷಣೆ ಅವನ ಸ್ವಂತದ್ದಲ್ಲ, ಅವನ ದೇಶದ್ದು. ಬಿಡೋದಿದ್ರೆ ದೇಶವೇ ಬಿಡಬೇಕು."

"ಒಳ್ಳೇ ಕತೆ! ಬಾಯಿ ಅವನದು, ಅಪ್ಪಣೆ ದೇಶದ್ದಾ?"

"ಹೂಂ. ನಾನೇ ಹೋಗಿ ಕೇಳ್ತೀನಿ, ಸುಮ್ನಿರು."

ರಾಯಭಾರಿ ಕುರ್ಚಿ ತೋರಿಸಿದರು, ನಗಲಿಲ್ಲ. "ನಮ್ಮದು ಸಾರ್ವಭೌಮ ದೇಶ. ನಿಮ್ಮ ಕೋರ್ಟಿನ ಮುಂದೆ ಕೈಕಟ್ಟಿ ನಿಲ್ಲೋಕಾಗಲ್ಲ."

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಕಾನೂನು ಅವರ ಕಡೆಗಿತ್ತು, ಒಪ್ಪಿಕೊಂಡೆ.

"ನಿಜ ಸಾರ್. ನಮ್ಮ ಸರ್ಕಾರ ತಲೆಕೆಳಗಾಗಿ ನಿಂತ್ರೂ ಆ ಹುಡುಗನ್ನ ಎಳ್ಕೊಂಡು ಹೋಗೋಕಾಗಲ್ಲ. ಕಳಿಸೋ ಅಧಿಕಾರ ನಿಮ್ಮ ದೇಶ ಬಿಟ್ರೆ ಇನ್ಯಾರಿಗೂ ಇಲ್ಲ. ಸಾರ್ವಭೌಮತ್ವ ಅಂದ್ರೆ ಅದೇ ಅಲ್ವಾ? ಬರೀ 'ಆಗಲ್ಲ' ಅನ್ನೋದಕ್ಕೆ ಮಾತ್ರ ಬಳಸ್ತೀರಾ ಅದನ್ನ?"

ಅವರು ದುರುಗುಟ್ಟಿ ನೋಡಿದರು. ನಾನೂ ಕಣ್ಣು ತಗ್ಗಿಸಲಿಲ್ಲ.

"ನಾಳೆ ಅವನಿಗೆ ಶಿಕ್ಷೆ ಆದ್ರೆ?"

"ಅದನ್ನ ಜಾರಿ ಮಾಡೋಕೆ ಮತ್ತೆ ನಿಮ್ಮದೇ ಒಪ್ಪಿಗೆ ಬೇಕು. ನನಗೆ ಬೇಕಾಗಿರೋದು ಅವನ ಸಾಕ್ಷಿ ಅಷ್ಟೇ."

ಅವರು ಫೋನೆತ್ತಿ ತಮ್ಮ ರಾಜಧಾನಿಯ ಜೊತೆ ಮಾತಾಡಿದರು. ನಡುವೆ ನನ್ನತ್ತ ನೋಡಿ, "ಇಲ್ಲೇ ಕೂತಿದ್ದಾರೆ. ಇಲ್ಲ, ಎದ್ದು ಹೋಗೋ ಹಾಗೆ ಕಾಣಲ್ಲ" ಎಂದರು. ಕೊನೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಬಿತ್ತು.

ಕೋರ್ಟಿನಲ್ಲಿ ನ್ಯಾಯಾಧೀಶರು ಅದನ್ನು ಓದಿ ಹುಡುಗನನ್ನು ಕಟಕಟೆಗೆ ಕರೆದರು. ಅವನು ತಡವರಿಸಲಿಲ್ಲ. "ಬಸ್ಸಿಗೆ ಹಸಿರು ದೀಪ ಇತ್ತು. ನನಗೆ ಕೆಂಪು. ನಾನು ನಿಲ್ಲಿಸಲಿಲ್ಲ."

ಹಿಂದಿನ ಬೆಂಚಿನಿಂದ ಅಪ್ಪ ಎದ್ದು ಬಂದರು. ಕೋರ್ಟು ನಡೆಯುತ್ತಿದೆ ಎನ್ನುವ ಪರಿವೆಯೂ ಇಲ್ಲದೆ ತಮ್ಮನ ಭುಜ ಹಿಡಿದುಕೊಂಡರು.

"ನಿನ್ನ ಮಾತು ನಂಬಬೇಕಿತ್ತು ಕಣೋ. ನಂಬಲಿಲ್ಲ."

"ಬಿಡಪ್ಪ," ಎಂದ ತಮ್ಮ ಅಳುತ್ತಾ, "ಮಾತಾಡಿದ್ಯಲ್ಲ."