ರಾಗ ಬಿಟ್ಟು ಹೇಳಿದ ಹಾಡು

ಸಂಜೆ ಬಸ್ಸಿಳಿದು ಬಂದ ದೀಪಶ್ರೀ ಚೀಲವನ್ನು ಜಗಲಿಯ ಮೇಲೆ ಎಸೆದು ನೇರ ಕಣಕ್ಕೆ ಬಂದಳು. ನಾನು ಒಣಹಾಕಿದ ಕಾಫಿಯನ್ನು ಕಾಲಿನಿಂದ ಸಾಲು ಮಾಡುತ್ತ ತಿರುವುತ್ತಿದ್ದೆ. ಅಪ್ಪನ ತಾಯಿ ಪಾಪಮ್ಮಜ್ಜಿ ಕಟ್ಟೆಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು.

"ಅಕ್ಕ, ಒಂದು ಹಾಡು ಹೇಳು. ಟೀಚರ್ ಮನೆಯಿಂದ ಒಂದು ಹಾಡು ತರೋಕೆ ಹೇಳಿದ್ದಾರೆ."

"ಯಾವ ಹಾಡೇ?"

"ಯಾವುದಾದ್ರೂ ಸರಿ. ಪುಸ್ತಕದಲ್ಲಿ ಇರಬಾರದು ಅಷ್ಟೇ."

ಅಜ್ಜಿ ನಕ್ಕರು. "ಹಾಡು ಕಲಿಯೋಕೆ ಬಸ್ ಚಾರ್ಜ್ ಕೊಟ್ಟು ಮಲ್ಲಂದೂರಿಗೆ ಹೋಗ್ತೀಯೇನೇ ಮಾರಾಯ್ತಿ? ಹಂಗಿದ್ರೆ ನಿಮ್ಮ ರಜನಿ ಅಕ್ಕನೇ ಹೆಡ್ ಮೇಡಮ್ಮು."

ದೀಪು ನನ್ನ ಚಿಕ್ಕಪ್ಪ ರುದ್ರಪ್ಪನವರ ಮಗಳು, ಆಗ ಒಂಬತ್ತನೇ ಕ್ಲಾಸು. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವರು ಈ ಚಿಕ್ಕಪ್ಪ, ಚಿಕ್ಕಮ್ಮನೇ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮನೆಗೆ ಯಾರಾದರೂ ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇನೆಯೇ ಹೊರತು ಮಾತಾಡಲು ಬರುವುದಿಲ್ಲ. ಆದರೆ ಹಾಡು ಬರುತ್ತದೆ. ನಮ್ಮ ಕಡೆ ಹುಡುಗಿ ದೊಡ್ಡವಳಾದಾಗ ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಕಟ್ಟಿ ಅದರೊಳಗೆ ಅವಳನ್ನು ಕೂರಿಸುತ್ತಾನೆ. ಕೆಲವು ದಿನ ಬಿಟ್ಟು ನೀರು ಹಾಕಿ, ಊರವರನ್ನೆಲ್ಲ ಕರೆದು ಆರತಿ ಮಾಡುತ್ತಾರೆ. ಆ ಆರತಿಯ ಹಾಡು ಹೇಳಲು ಸುತ್ತಲ ಮನೆಗಳವರು ನನ್ನನ್ನೇ ಕರೆಯುತ್ತಿದ್ದರು. ಹಾಡುವಾಗ ನನಗೆ ನಾಚಿಕೆ ಇರಲಿಲ್ಲ. ಹಾಡು ನನ್ನದಲ್ಲವಲ್ಲ, ಅಜ್ಜಿಯದು, ಅಜ್ಜಿಯ ಅಮ್ಮನದು.

ಅವತ್ತೂ ಬಾಯಿಗೆ ಮೊದಲು ಬಂದದ್ದು ಅದೇ.

ಹಿತ್ತಲ ಕಿತ್ತಳೆ ಹಣ್ಣು ಹಕ್ಕಿ ಮುಟ್ಟದ ಹಣ್ಣು
ಮಾವಯ್ಯ ಕಾದಾನೆ ಬೇಲಿ ಕಟ್ಟಿ, ಕೆಂಪಾದ್ರೆ
ಕೇಳದೆ ಕಿತ್ತಾನೆ ಕೈಯ ನೀಡಿ

ಹೊಸ್ತಿಲ ಒಳಗಿರು ಬಾಲೆ, ಹೊರಗಿನ್ನು ಯಾಕಮ್ಮ
ಅಟ್ಟದ ತೊಟ್ಟಿಲು ಇಳಿದಾದೆ, ನಿನಗಾಗಿ
ಪುಟ್ಟ ಹಾಸಿಗೆಯ ಹಾಸ್ಯಾರೆ

ದೀಪು ಬರೆದುಕೊಂಡಳು. ಆಮೇಲೆ, "ಈಗ ರಾಗ ಬಿಟ್ಟು ಹೇಳು" ಎಂದಳು.

"ರಾಗ ಬಿಟ್ಟರೆ ಹಾಡು ಎಲ್ಲಿರ್ತದೆ?"

"ಪ್ರೇಮಕುಮಾರಿ ಟೀಚರ್ ಹಂಗೇ ಮಾಡಿಸೋದು. ಪದ್ಯ ಅಂದ್ರೆ ನಾವೆಲ್ಲ ಗಿಳಿ ಥರ ಎಳೀತಿದ್ವಲ್ಲ, ಅದಕ್ಕೆ. ಮೊದಲು ಮಾತಾಡಿದ ಹಾಗೆ ಓದಿ ಅಂತಾರೆ. ಯಾರು ಹೇಳ್ತಿದ್ದಾರೆ, ಯಾರಿಗೆ ಹೇಳ್ತಿದ್ದಾರೆ ಅಂತ ಕೇಳಿಸ್ಕೊಳ್ಳಿ, ಆಮೇಲೆ ಬೇಕಾದ್ರೆ ಹಾಡಿ ಅಂತಾರೆ."

ಪ್ರಯತ್ನಪಟ್ಟೆ. ರಾಗವಿಲ್ಲದೆ ಮುಂದಿನ ಪದವೇ ನೆನಪಾಗಲಿಲ್ಲ. ಮನಸ್ಸಿನಲ್ಲಿ ಗುನುಗಿಕೊಂಡು, ಬಾಯಲ್ಲಿ ಬರೀ ಮಾತನ್ನು ಬಿಟ್ಟೆ. ಕೇಳದೆ ಕಿತ್ತಾನೆ ಎಂಬಲ್ಲಿಗೆ ಬರುವಾಗ ನಾಲಿಗೆ ತಡವರಿಸಿತು.

"ಇದನ್ನ ಯಾರು ಹೇಳ್ತಿರೋದು?" ದೀಪು ಕೇಳಿದಳು.

"ಹೆಂಗಸರು."

"ಯಾರಿಗೆ?"

"ಗುಡ್ಲೊಳಗೆ ಕೂತವಳಿಗೆ."

"ಅವಳು ಏನಂತಾಳೆ?"

ನನಗೆ ಗೊತ್ತಿರಲಿಲ್ಲ. ಅಷ್ಟು ಆರತಿಗಳಲ್ಲಿ ಹಾಡಿದ್ದೇನೆ, ಒಬ್ಬ ಹುಡುಗಿಯೂ ಏನೂ ಅಂದದ್ದಿಲ್ಲ. ನಾನೂ ಅಂದಿರಲಿಲ್ಲ. ನನ್ನ ಆರತಿಯ ದಿನವೇ ಸೋದರಮಾವನ ಮಗನ ಜೊತೆ ವೀಳ್ಯವನ್ನೂ ಬದಲಾಯಿಸಿ ಮಾತು ಗಟ್ಟಿ ಮಾಡಿದ್ದರು. ಮದುವೆ ಗೊತ್ತಾದ ಹುಡುಗಿ ಎಂದು ಶಾಲೆ ಬಿಡಿಸಿದರು. ನಾಲ್ಕಾರು ವರ್ಷ ಕಳೆದ ಮೇಲೆ ಅವನು ಹಾಸನದ ಕಡೆಯ ಹುಡುಗಿಯನ್ನು ಮದುವೆಯಾದ. "ಎಲೆ ಒಣಗಿತು ಬಿಡು" ಎಂದರು ಅಜ್ಜಿ. ನನ್ನನ್ನು ಮತ್ತೆ ಶಾಲೆಗೆ ಕಳಿಸಬಹುದಿತ್ತು ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

"ಕತ್ತಲಾಯ್ತು, ಕಾಫಿ ಗುಡ್ಡೆ ಮಾಡು" ಎಂದೆ.

ಮುಂದಿನ ವಾರ ದೀಪು ತಾನೇ ಬರೆದ ಒಂದು ಪದ್ಯ ತಂದಳು. ಟೀಚರ್ ಅದನ್ನು ಕ್ಲಾಸಿನಲ್ಲಿ ಓದಿಸಿದ್ದರಂತೆ. ಪ್ರಾಸವಿರಲಿಲ್ಲ. ಇದು ಎಂಥ ಪದ್ಯ ಎಂದು ಅಂದುಕೊಂಡೇ ಕೇಳಿಸಿಕೊಂಡೆ.

ಕಿತ್ತಳೆ ಗಿಡವನ್ನು ಯಾರೂ ಕೇಳಲಿಲ್ಲ.
ಬೇಲಿ ಕೇಳಲಿಲ್ಲ, ಕಾಯುವವನು ಕೇಳಲಿಲ್ಲ.
ನಾನು ಹತ್ತಿರ ಹೋಗಿ ಕೇಳಿದೆ.
ಇನ್ನೂ ಹುಳಿ ಇದ್ದೇನೆ ಅಂದಿತು.

"ಹುಳಿ ಹಣ್ಣು ಯಾವತ್ತು ತಾನು ಸಿಹಿ ಅಂದಿದೆ?" ಎಂದು ಅಜ್ಜಿ ಒಂದು ತೊಳೆ ಬಾಯಿಗೆ ಹಾಕಿಕೊಂಡರು. ನನಗೆ ನಗು ಬರಲಿಲ್ಲ. ಕಾಫಿ ಗಿಡಗಳ ನಡುವೆ ನಿಂತ ಆ ಮರವನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದಕ್ಕೂ ಒಂದು ಮಾತಿರಬಹುದು ಎಂದು ಅವತ್ತು ಅನ್ನಿಸಿತು. ಮಾರನೆಯ ದಿನ ಪಾತ್ರೆ ತೊಳೆಯುವಾಗ ನಾನೂ ಆ ನಾಲ್ಕು ಸಾಲು ಹೇಳಿಕೊಳ್ಳುತ್ತಿದ್ದೆ.

ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ದೀಪು ದೊಡ್ಡವಳಾದಳು.

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಚಿಕ್ಕಪ್ಪ ಕೊಟ್ಟಿಗೆಹಾರಕ್ಕೆ ಫೋನ್ ಮಾಡಿ ಚಿಕ್ಕಮ್ಮನ ತಮ್ಮ ರಾಜೇಶನಿಗೆ ಹೇಳಿದರು. ಅವನು ಅಲ್ಲಿ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮೂವತ್ತಕ್ಕೆ ಹತ್ತಿರ. ಕೆಟ್ಟವನಲ್ಲ. ದೀಪು ಚಿಕ್ಕವಳಿದ್ದಾಗ ಹೊರನಾಡಿಗೆ ಹೋದರೆ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸಿದವನು. ಹಲಸಿನ ಸೊಪ್ಪು, ತೆಂಗಿನ ಗರಿ ಕಡಿದು ತಂದು, ಯಾರ ಮುಖವನ್ನೂ ನೋಡದೆ ಕಣದ ಮೂಲೆಯಲ್ಲಿ ಗುಡ್ಲು ಕಟ್ಟಿದ. ಆರತಿಯ ದಿನವೇ ಅವನಿಗೂ ದೀಪುವಿಗೂ ವೀಳ್ಯ ಎಂದು ಹಿರಿಯರು ಮಾತಾಡಿಯಾಗಿತ್ತು.

ಗುಡ್ಲಿನೊಳಗೆ ದೀಪು ಮೊಣಕಾಲಿಗೆ ಮುಖ ಕೊಟ್ಟು ಕೂತಿರುತ್ತಿದ್ದಳು. ಹೊರಗೆ ಕಣದಲ್ಲಿ ಮೂಟೆ ಹೊರುವವರು, ಕಾಫಿ ವ್ಯಾಪಾರಿ, ದಾರಿಯಲ್ಲಿ ಹೋಗುವ ಅವಳ ಕ್ಲಾಸಿನ ಹುಡುಗರು. ಸೊಪ್ಪು ಬಾಡಿ ಸಂದು ಬಿಟ್ಟಂತೆಲ್ಲ ಅವಳು ಒಳಗಿನಿಂದ ಎಲೆ ಎಳೆದು ಮುಚ್ಚುತ್ತಿದ್ದಳು. ನಾನು ಎಳ್ಳು ಬೆಲ್ಲದ ಚಿಗಳಿ ಉಂಡೆ, ತುಪ್ಪದ ಅನ್ನ ಕೊಡಲು ಬಗ್ಗಿದರೆ ಪಿಸುಗುಟ್ಟುತ್ತಿದ್ದಳು.

"ಎಲ್ಲರಿಗೂ ಎಂತಕ್ಕೆ ಹೇಳಬೇಕು ಅಕ್ಕ? ಬಸ್ ಕಂಡಕ್ಟರ್ ಕೂಡ ಆರತಿ ಯಾವಾಗ ಅಂತ ಅಪ್ಪನ ಹತ್ರ ಕೇಳಿದ್ನಂತೆ. ನಾನು ಆ ಬಸ್ ಹೆಂಗೆ ಹತ್ತಲಿ?"

"ಹತ್ತೋದು ಎಂತಕ್ಕೆ ಇನ್ನು?" ಕಟ್ಟೆಯ ಮೇಲಿನಿಂದ ಅಜ್ಜಿ ಹೇಳಿದರು. "ಗೊತ್ತಾದ ಹುಡುಗಿ, ಮನೇಲಿರು. ನಿಮ್ಮಕ್ಕ ಇಲ್ವಾ?"

ಕೇಳಿಸಿತು. ನಾನು ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಬಂದೆ. ಹೌದು, ನಾನಿದ್ದೆ. ಮನೆಯಲ್ಲಿ ಹುಡುಗಿ ಹೇಗಿರಬೇಕು ಎಂಬುದಕ್ಕೆ ತೋರಿಸಲು ನಾನೊಬ್ಬಳು ಇದ್ದೆ.

"ಚಿಕ್ಕಮ್ಮ, ನೀವಾದ್ರೂ ಒಂದು ಮಾತು ಹೇಳಿ" ಎಂದು ಒಲೆಯ ಹತ್ತಿರ ಕೇಳಿದೆ.

ಅವರು ಸೌದೆ ಮುಂದಕ್ಕೆ ತಳ್ಳಿದರು. "ತಮ್ಮನ ಕೈಲಿ ಕೊಟ್ರೆ ಕಣ್ಣೆದುರು ಇರ್ತಾಳೆ ರಜನಿ. ಬೇರೆಯವರ ಮನೆಗೆ ಹೋಗಿ ಹೊಡೆತ ತಿನ್ನೋದು ಬೇಡ." ಅದು ಪ್ರೀತಿಯ ಮಾತೇ. ಪ್ರೀತಿಯ ಮಾತಿಗೆ ಎದುರು ಹೇಳಲು ನನಗೆ ಬರಲಿಲ್ಲ.

ಆರತಿಯ ದಿನ ಪ್ರೇಮಕುಮಾರಿ ಟೀಚರ್ ಬಂದರು. ಕರೆದಿದ್ದಕ್ಕೆ ಬಂದರೋ, ದೀಪು ಶಾಲೆಗೆ ಬಾರದ್ದಕ್ಕೆ ಬಂದರೋ. ಜಗಲಿಯಲ್ಲಿ ಕೂತು ಕೊಟ್ಟ ಕಾಫಿಯನ್ನು ಕುಡಿಯದೆ ಹಿಡಿದುಕೊಂಡಿದ್ದರು.

"ರುದ್ರಪ್ಪನವರೇ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಹುಡುಗಿ ಚೆನ್ನಾಗಿ ಬರೀತಾಳೆ."

"ನಾವೇನು ಈಗಲೇ ತಾಳಿ ಕಟ್ತೀವಿ ಅಂದ್ವಾ ಟೀಚರ್? ಎಲೆ ಅಡಿಕೆ ಅಷ್ಟೇ."

"ಎಲೆ ಅಡಿಕೆ ಆದ ಮೇಲೆ ಸ್ಕೂಲಿಗೆ ಕಳಿಸ್ತೀರಾ?"

ಚಿಕ್ಕಪ್ಪ ಹೆಗಲ ಟವೆಲ್ ಸರಿಮಾಡಿಕೊಂಡರು. ಉತ್ತರ ಅಜ್ಜಿಯದು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಬಂದು ನಿಲ್ತೀರಾ ತಾಯಿ? ನಮ್ಮಲ್ಲಿ ಅಕ್ಕನ ಮಗಳು ತಮ್ಮನಿಗೆ ಅನ್ನೋದು ಹಿಂದಿಂದ ಬಂದದ್ದು."

"ಹಿಂದಿಂದ ಬಂದದ್ದೆಲ್ಲ ಒಳ್ಳೇದಾಗಿದ್ರೆ ರಜನಿ ಯಾಕೆ ಹೀಗಿದ್ದಾಳೆ ಅಮ್ಮ? ಹತ್ತಿರದ ರಕ್ತದಲ್ಲಿ ಮದುವೆ ಬೇಡ ಅಂತ ಡಾಕ್ಟರೂ ಹೇಳ್ತಾರೆ. ಅದೂ ಇರಲಿ. ದೀಪಶ್ರೀನ ಒಂದು ಮಾತು ಕೇಳಿದ್ರಾ?"

"ಅವಳನ್ನ ಎಂತ ಕೇಳೋದು? ಮಗು ಅದು."

"ಮಗು ಅಂತ ನೀವೇ ಅಂತಿದ್ದೀರಲ್ಲ."

ಅಜ್ಜಿ ಎದ್ದುಬಿಟ್ಟರು. "ಹೊತ್ತಾಯ್ತು. ರಜನೀ, ಬಾರೇ, ಹಾಡು."

ಕಣದಲ್ಲಿ ಚಾಪೆ ಹಾಸಿತ್ತು. ಮೈಕಿನವನು ಸಿಲ್ವರ್ ಓಕ್ ಮರಕ್ಕೆ ಹಾರನ್ ಕಟ್ಟಿದ್ದ. ಗುಡ್ಲಿನ ಬಾಯಲ್ಲಿ ದೀಪು, ಹಸಿರು ರೇಷ್ಮೆ ಸೀರೆ, ತಲೆ ತುಂಬ ಹೂವು, ಕಣ್ಣು ನೆಲದಲ್ಲಿ. ಪಕ್ಕದಲ್ಲಿ ಎಲೆ ಅಡಿಕೆಯ ತಟ್ಟೆ. ಅದರಾಚೆ ಹೊಸ ಶರ್ಟಿನ ರಾಜೇಶ. ಹೆಂಗಸರು ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಕೆಳಮನೆಯ ಗಿಡ್ಡಮ್ಮ, "ಕಿತ್ತಳೇದೇ ಶುರು ಮಾಡೇ, ರಾಜೇಶಪ್ಪ ಕಾಯ್ತಾ ಇದ್ದಾರೆ" ಎಂದರು. ಎಲ್ಲರೂ ನಕ್ಕರು. ದೀಪುವಿನ ಕಿವಿ ಕೆಂಪಾಯಿತು.

ಮೈಕನ್ನು ನನ್ನ ಕೈಗೆ ಕೊಟ್ಟರು. ಎಂದಿನ ಹಾಗೆ ಕಣ್ಣು ಮುಚ್ಚಿದೆ. ರಾಗ ಗಂಟಲಿಗೆ ಬಂತು. ಆದರೆ ಅದರ ಹಿಂದೆಯೇ, ಅವಳು ಏನಂತಾಳೆ ಎಂಬ ದೀಪುವಿನ ಪ್ರಶ್ನೆಯೂ ಬಂತು. ಕಣ್ಣು ತೆರೆದೆ. ರಾಗ ಹೋಯಿತು. ಬರೀ ಮಾತು ಉಳಿಯಿತು.

ಹೇಳಿದೆ. ಹಾಡಲಿಲ್ಲ, ಹೇಳಿದೆ. ಹಿತ್ತಲ ಕಿತ್ತಳೆ ಹಣ್ಣು. ಹಕ್ಕಿ ಮುಟ್ಟದ ಹಣ್ಣು. ಮಾವಯ್ಯ ಬೇಲಿ ಕಟ್ಟಿ ಕಾದಿದ್ದಾನೆ. ಕೆಂಪಾದರೆ ಕೇಳದೆ ಕೀಳುತ್ತಾನೆ.

"ರಾಗ ಹಾಕೇ" ಎಂದು ಯಾರೋ ಹಿಂದಿನಿಂದ ತಿವಿದರು.

ಹೊಸ್ತಿಲ ಒಳಗಿರು. ಹೊರಗಿನ್ನು ಯಾಕೆ. ತೊಟ್ಟಿಲು ಇಳಿದಿದೆ. ಹಾಸಿಗೆ ಹಾಸಿದ್ದಾರೆ.

ನನ್ನ ಧ್ವನಿ ಹಾರನ್ನಿನಿಂದ ಹೊರಟು ತೋಟದ ಇಳಿಜಾರಿಗೆಲ್ಲ ಕೇಳಿಸುತ್ತಿತ್ತು. ಪಕ್ಕದ ಎಸ್ಟೇಟಿನಲ್ಲಿ ಕಾಫಿ ಕುಯ್ಯುತ್ತಿದ್ದವರು ಕೆಲಸ ನಿಲ್ಲಿಸಿ ಇತ್ತ ನೋಡಿದರು. ಹೆಂಗಸರಲ್ಲಿ ನಗು ಇರಲಿಲ್ಲ. ಗಿಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಪ್ರತಿಯೊಬ್ಬರೂ ಬಾಯಿಪಾಠವಾಗಿ ಬಲ್ಲ ಮಾತು ಅದು. ಮಕ್ಕಳ ಮುಂದೆ, ಗಂಡಸರ ಮುಂದೆ, ಆ ಹುಡುಗಿಯ ಮುಂದೆ ನಾವು ಏನು ಹೇಳುತ್ತ ಬಂದಿದ್ದೆವು ಎಂಬುದು ಅವತ್ತು ಬಿಸಿಲಿನಲ್ಲಿ ನಮ್ಮ ನಡುವೆ ಬಂದು ನಿಂತಿತ್ತು. ಮೈಕು ಅಲ್ಲೇ ಇಟ್ಟು ಓಡಿಹೋಗಬೇಕು ಅನ್ನಿಸಿತು. ಆದರೆ ಹುಡುಗಿಯ ಮಾತು ಇನ್ನೂ ಬಾಕಿ ಇತ್ತು.

"ಕಿತ್ತಳೆ ಗಿಡವನ್ನು ಯಾರೂ ಕೇಳಲಿಲ್ಲ" ಎಂದೆ. "ಬೇಲಿ ಕೇಳಲಿಲ್ಲ, ಕಾಯುವವನು ಕೇಳಲಿಲ್ಲ. ನಾನು ಹತ್ತಿರ ಹೋಗಿ ಕೇಳಿದೆ."

ಕೊನೆಯ ಸಾಲಿಗೆ ಮೊದಲು ನಿಂತೆ. ಉಸಿರು ಮಾತ್ರ ಮೈಕಿನಲ್ಲಿ ಕೇಳುತ್ತಿತ್ತು.

"ಇನ್ನೂ ಹುಳಿ ಇದ್ದೇನೆ ಅಂದಿತು."

ಗುಡ್ಲಿನ ಬಾಯಿಂದ ದೀಪು ಹೇಳಿದ್ದಳು. ತಲೆ ಎತ್ತಿದ್ದಳು. ಅವಳಿಗೆ ಮೈಕು ಇರಲಿಲ್ಲ, ಆದರೂ ಕಣದಲ್ಲಿದ್ದವರಿಗೆಲ್ಲ ಕೇಳಿಸಿತು.

ಮೊದಲು ಕದಲಿದವನು ರಾಜೇಶ. ಅವನ ಮುಖ ಕಪ್ಪಿಟ್ಟಿತ್ತು. ಎಲೆ ಅಡಿಕೆಯ ತಟ್ಟೆಯನ್ನು ಎತ್ತಿ ಚಿಕ್ಕಮ್ಮನ ಕೈಗೆ ಕೊಟ್ಟ. "ಇದನ್ನ ಒಳಗಿಡು ಅಕ್ಕ" ಎಂದ.

"ಏನೋ ಇದು, ನಾಲ್ಕು ಜನರ ಎದುರಿಗೆ" ಎಂದು ಚಿಕ್ಕಪ್ಪ ಮುಂದೆ ಬಂದರು.

"ನಾಲ್ಕು ಜನ ಕೇಳಿದ್ರಲ್ಲ ಭಾವ. ನಾನೂ ಕೇಳಿದೆ" ಎಂದು ಹೇಳಿ ಅವನು ಬೈಕಿನ ಕಡೆ ನಡೆದ. ಚಿಕ್ಕಮ್ಮ ತಟ್ಟೆ ಹಿಡಿದುಕೊಂಡು ಮಗಳನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿ ಒಳಗೆ ಹೋದರು.

ಅಜ್ಜಿ ನನಗೆ ಹೊಡೆಯುತ್ತಾರೆ ಎಂದುಕೊಂಡೆ. ಅವರು ಹತ್ತಿರ ಬಂದು ಸಣ್ಣ ಧ್ವನಿಯಲ್ಲಿ ಕೇಳಿದರು. "ಅದರಲ್ಲಿ ಹಂಗೇ ಇರೋದೇನೇ?"

"ಹಂಗೇ ಇರೋದು ಅಜ್ಜಿ. ನೀವೇ ಕಲಿಸಿದ್ದು."

"ನನಗೂ ಇದನ್ನೇ ಹಾಡಿದ್ರು" ಎಂದರು. ಆಮೇಲೆ ಹೋಗಿ ಕಟ್ಟೆಯ ಮೇಲೆ ಕೂತರು. ಬಂದವರಿಗೆ ಊಟ ಬಡಿಸುವಾಗಲೂ ಅಲ್ಲಿಂದ ಏಳಲಿಲ್ಲ.

ಚಿಕ್ಕಪ್ಪ ಬಹಳ ದಿನ ನನ್ನೊಡನೆ ಮಾತು ಬಿಟ್ಟರು. ದೀಪುವಿಗೆ ಶಾಲೆಗೆ ಹೋಗು ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಸೋಮವಾರ ಅವಳು ಚೀಲ ಹೆಗಲಿಗೇರಿಸಿಕೊಂಡಳು. ಅಜ್ಜಿ ಎರಡು ಕಿತ್ತಳೆ ತಂದು ಚೀಲಕ್ಕೆ ಹಾಕಿದರು. ಬಸ್ಸಿನಲ್ಲಿ ಹುಡುಗರು ಕಿತ್ತಳೆ ಕಿತ್ತಳೆ ಎಂದು ಕರೆದರಂತೆ. "ಹುಳಿ ಕಿತ್ತಳೆ ಅನ್ರೋ, ಪೂರ್ತಿ ಹೇಳ್ರಿ ಅಂದೆ" ಎಂದಳು. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಯಾರಿಗೂ ಬುದ್ಧಿ ಹೇಳುವ ಯೋಗ್ಯತೆ ಇಲ್ಲ. ಒಂದೇ ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹಾಡುವ ಹಾಡನ್ನು ಒಮ್ಮೆ ರಾಗ ಬಿಟ್ಟು, ಆ ಹುಡುಗಿಯ ಮುಖ ನೋಡಿಕೊಂಡು ಹೇಳಿ. ಹೇಳಲು ನಾಚಿಕೆಯಾದರೆ ಮಾಡಲೂ ನಾಚಿಕೆಯಾಗಬೇಕಲ್ಲವೇ?

ಯುಗಾದಿಗೆ ಮೊದಲು ಗಿಡ್ಡಮ್ಮ ನಮ್ಮ ಮನೆಗೆ ಬಂದರು. ಮೊಮ್ಮಗಳ ಆರತಿಗೆ ಕರೆಯಲು. ಜಗಲಿಯಲ್ಲಿ ನಿಂತು, "ಹಾಡೋಕೆ ಬರ್ತೀಯೋ ರಜನಿ, ಇಲ್ಲಾ ಹೇಳೋಕೆ ಬರ್ತೀಯೋ?" ಎಂದರು. ಮನೆಯವರೆಲ್ಲ ನಕ್ಕರು. ಚಿಕ್ಕಪ್ಪನ ಮುಖದಲ್ಲೂ ನಗು ಕಂಡಿತು.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ.

"ಆರತಿ ಆದ ಮೇಲೆ ಅವಳನ್ನ ಸ್ಕೂಲಿಗೆ ಕಳಿಸ್ತೀರಾ ಗಿಡ್ಡಮ್ಮ?"

ಅವರು ಕುಂಕುಮದ ಬಟ್ಟಲು ಹಿಡಿದು ಹಾಗೇ ನಿಂತರು. ನನಗೆ ಅವಸರವಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಅವರ ಮುಖ ನೋಡುತ್ತ, ಉತ್ತರಕ್ಕೆ ಕಾದೆ.