ಕರ್ನಲ್ ಸಾಹೇಬರ ಸಬ್ ಠೀಕ್

ನಿವೃತ್ತ ಕರ್ನಲ್ ಕುರಕುಂಟಾ ಬೀರಲಿಂಗ ಅವರ ಭಾಷಣಕ್ಕೆ ಎಲ್ಲೆಲ್ಲೂ ಗಿರಾಕಿ. ಗಡಿಯಲ್ಲಿ ಯುದ್ಧದ ಭೀತಿ ಹುಟ್ಟಿದ ಆ ಚಳಿಗಾಲ ಅವರು ದಿಲ್ಲಿಯ ಕಂಟ್ರೋಲ್ ರೂಮಿನಲ್ಲಿದ್ದರಲ್ಲ, ರಕ್ಷಣಾ ಮಂತ್ರಿಯನ್ನು ಮಾರು ದೂರದಿಂದ ಕಂಡವರು. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಎಲ್ಲ ಕಡೆ ಅದೇ ಕಥೆ ಹೇಳಿ ಶಾಲು ಹೊದ್ದು ಬಂದಿದ್ದರು. ಕಥೆಯ ತಿರುಳು ಇಷ್ಟೇ: ಗಡಿ ಠಾಣೆಯ ಹುಡುಗರು ಹಿಮದಲ್ಲಿ ನರಳುವಾಗ ಮಂತ್ರಿಗೆ ಅದರ ಸುದ್ದಿಯೇ ಇರಲಿಲ್ಲ. ಮಂತ್ರಿಯನ್ನು ಬೈದರೆ ಚಪ್ಪಾಳೆ ತಟ್ಟದವರು ಯಾರು!

ಇವತ್ತು ಸೇಡಂನ ಕಾಲೇಜೊಂದರಲ್ಲಿ ಮೈಕು ಹಿಡಿದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಂದಿನ ಸಾಲಿನಲ್ಲಿ, ಸಂಘಟಕರು ಆಗತಾನೇ ಪರಿಚಯಿಸಿದ್ದ ಮಳಖೇಡದ ಇಮ್ರಾನ್ ಕುಳಿತಿದ್ದ. ಅದೇ ಠಾಣೆಯಲ್ಲಿ ಎಡಗಾಲಿನ ಬೆರಳೆಲ್ಲ ಹಿಮಕ್ಕೆ ಕೊಟ್ಟು ಬಂದ ಸಿಪಾಯಿ, ಈಗ ಸಿಮೆಂಟ್ ಫ್ಯಾಕ್ಟರಿಯ ಗೇಟು ಕಾಯುತ್ತಾನೆ.

ಮಂತ್ರಿಗೆ ಗೊತ್ತಿರಲಿಲ್ಲ ಎಂಬುದು ನಿಜವೇ. ಯಾಕೆ ಗೊತ್ತಿರಲಿಲ್ಲ ಎಂಬುದನ್ನು ಮಾತ್ರ ಸಾಹೇಬರು ಐದು ವರ್ಷದಿಂದ ನುಂಗಿಕೊಂಡಿದ್ದರು. ಇವತ್ತೂ ನುಂಗಿದರೆ ಇನ್ನೊಂದು ಶಾಲು. ಕಕ್ಕಿದರೆ ಈ ಮನುಷ್ಯನ ಮುಖ ನೋಡಬೇಕು. ನಾಚಿಕೆಯಾಯಿತು, ಭಯವೂ ಆಯಿತು. ಯುದ್ಧಭೂಮಿಯಲ್ಲೂ ಅವರು ಇಂಥ ಭಯ ಕಂಡಿರಲಿಲ್ಲ. ಕಾಣಲು ಅಲ್ಲಿಗೆ ಹೋಗಿದ್ದರೆ ತಾನೇ!

"ಇಮ್ರಾನ್, ಇದು ನಿನಗ ಹೇಳಲಿಕತ್ತೀನಿ," ಎಂದರು. "ಫೌಜಿನ್ಯಾಗ ದಿನಾ ಸಂಜಿಗಿ ರಿಪೋರ್ಟ್ ಕೊಡೂದಿರ್ತದ. ಏನೇ ಆಗಿರ್ಲಿ, ಮೊದಲ ಮಾತು 'ಸಬ್ ಠೀಕ್', ಎಲ್ಲಾ ಸರಿ ಅದ ಅಂತ. ಮೂವತ್ತು ವರ್ಷ ಹಂಗ ಅಂದು ಅಂದು ನನ್ನ ನಾಲಿಗಿ ಪಳಗಿತ್ತು. ಆ ದಿನ ಮಂತ್ರಿ ಎದ್ದು ನನ್ನ ಮುಂದ ಬಂದ್ರು. 'ಹುಡುಗರಿಗಿ ಹಿಮದ ಬೂಟು ಮುಟ್ಯಾವೇನು? ಇಲ್ಲಂದ್ರ ಈಗ್ಲೇ ಹೆಲಿಕಾಪ್ಟರ್ ಕಳಸ್ತೀನಿ' ಅಂದ್ರು. ಮುಟ್ಟಿಲ್ಲಂತ ಬರದ ಕಾಗದ ನನ್ನ ಕೈಯಾಗೇ ಇತ್ತು. ನಾ ಎದಿ ಉಬ್ಬಿಸಿ, 'ಸಬ್ ಠೀಕ್, ಸರ್' ಅಂದೆ. ಸೆಲ್ಯೂಟ್ ಭಾಳ ಚಂದ ಹೊಡದೆ."

ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು.

"ತಿದ್ದಿ ಹೇಳಲಿಕ್ಕ ಧೈರ್ಯ ಬರ್ಲಿಲ್ಲ. ಬೂಟು ಎಂಟು ದಿನ ತಡಾ ಆಗಿ ಬಂದ್ವು. ಅದು ಮಂತ್ರಿ ತಪ್ಪಲ್ಲ, ನಂದು."

ಇಮ್ರಾನ್ ಕೋಲೂರಿಕೊಂಡು ವೇದಿಕೆಯ ಹತ್ತಿರ ಬಂದ. ಅಪ್ಪಿಕೊಳ್ಳುತ್ತಾನೇನೋ ಎಂದು ಸಾಹೇಬರು ಮುಂದೆ ಬಾಗಿದರು. ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ!

"ಐದು ವರ್ಷ ದಿನಾ ಮುಂಜಾನೆ ಬೂಟು ಹಾಕ್ಕೊಳ್ಳೂ ಮುಂದ ಆ ಮಂತ್ರಿಗಿ ಬೈಕೋತ ಬಂದೀನ್ರಿ," ಎಂದ ಇಮ್ರಾನ್. "ನಾಳಿಂದ ನಿಮಗ ಬೈಬೇಕಾಗ್ತದ."

"ಬೈಯಪಾ," ಎಂದರು ಕರ್ನಲ್. ಮೈಕು ಇನ್ನೂ ಚಾಲೂ ಇತ್ತು, ಸಭೆಗೆಲ್ಲ ಕೇಳಿಸಿತು.